ಹೆತ್ತೆಯ ಕೈಗುಣ

ದಾರ ಕಟ್ಟಿದ ಚಹಾ ಚೀಲವನ್ನು ಬಿಸಿನೀರಿಗೆ ಇಳಿಬಿಟ್ಟಾಗ ಏಳುವ ವಾಸನೆಗೆ ನಾನು ಇವತ್ತಿಗೂ ಮೂಗು ಮುಚ್ಚಿಕೊಳ್ಳುತ್ತೇನೆ. ಥೂ, ಇದನ್ನು ಘಮ ಅನ್ನುತ್ತಾರೆ! ನಾನು ಚಿಕ್ಕವಳಿದ್ದಾಗ ನೀಲಗಿರಿಯ ಮಂಜೂರಿನ ಮೇಲಿನ ನಮ್ಮ ಹಟ್ಟಿಯ ಗಾಳಿಯಲ್ಲಿ ಬೇರೆ ವಾಸನೆಗಳಿದ್ದವು: ಆಲೂಗಡ್ಡೆ ಅಗೆದ ಮಣ್ಣು, ಎಮ್ಮೆಯ ಗಂಜಲ, ಬಿಸಿಲಿಗೆ ಹರವಿದ ಗಂಜೆ. ಗಂಜೆ ಎಂದರೆ ನೀವು ಬಾರ್ಲಿ ಅನ್ನುವುದು. ಅದರ ಎಳೆ ತೆನೆಯನ್ನು ಅಂಗೈಯಲ್ಲಿ ತಿಕ್ಕಿ, ಉಮಿ ಊದಿ, ನನ್ನ ಬಾಯಿಗೆ ಹಾಕುತ್ತಿದ್ದವಳು ಹೆತ್ತೆ, ನನ್ನ ಅಪ್ಪನ ತಾಯಿ. ಹಟ್ಟಿಯಲ್ಲಿ ಯಾರ ಹೊಲವೇ ಆಗಲಿ, ಮೊದಲ ಹಿಡಿ ಬೀಜ ಅವಳ ಕೈಯಿಂದಲೇ ಬೀಳಬೇಕಿತ್ತು. ಅವಳ ಕೈಗುಣವನ್ನು ಎಲ್ಲರೂ ನಂಬಿದ್ದರು, ಅವಳೂ ನಂಬಿದ್ದಳು.

ಆಮೇಲೆ ಆ ವಿದೇಶಿ ಕಂಪನಿ ಬಂತು. ಯಾವುದೋ ದೇಶದಲ್ಲಿ ಕೂತವರು ನಕ್ಷೆ ನೋಡಿ ಕೂನೂರನ್ನು ಆರಿಸಿಕೊಂಡರಂತೆ; ಚಹಾ ಬೆರೆಸಿ ಪೊಟ್ಟಣ ಕಟ್ಟುವ ಫ್ಯಾಕ್ಟರಿ ಎದ್ದಿತು. ಅಲ್ಲಿಗೆ ಪೇಟೆಗೆ ಬೇರೆ ಕಸುಬೇ ಮರೆತುಹೋಯಿತು. ಬೀಜದಂಗಡಿ ಹಸಿ ಚಹಾ ಎಲೆ ಕೊಳ್ಳುವ ಲೀಫ್ ಏಜೆಂಟನ ಆಫೀಸಾಯಿತು, ಗುದ್ದಲಿ ತಟ್ಟುತ್ತಿದ್ದ ಕಮ್ಮಾರ ಚಹಾ ಗಿಡ ಸವರುವ ಕತ್ತಿ ಮಸೆಯತೊಡಗಿದ, ಆಲೂಗಡ್ಡೆ ಮಂಡಿಗೆ ಬೀಗ ಬಿತ್ತು. ಪೇಟೆ ಒಂದನ್ನೇ ಕೊಳ್ಳುತ್ತದೆ ಎಂದಮೇಲೆ ಬೆಟ್ಟವೂ ಅದೊಂದನ್ನೇ ಬೆಳೆಯಿತು. ನಮ್ಮಲ್ಲಿ ಹೆತ್ತೆಯ ಗಂಜೆ ಹೊಲದ ತುಂಡೊಂದು ಮಾತ್ರ ಉಳಿದಿತ್ತು. ಆ ವರ್ಷ ಅವಳು ಜಾರಿ ಬಿದ್ದು ಕಾಲು ಮುರಿದುಕೊಂಡಳು, ಕಣ್ಣೂ ಮಂಜಾಗಿತ್ತು. ಅವಳು ಹಾಸಿಗೆ ಹಿಡಿದದ್ದೇ ತಡ, ಅಪ್ಪ ಆ ತುಂಡನ್ನೂ ಅಗೆದು ಚಹಾ ಸಸಿ ನೆಟ್ಟ. ಅವಳಿಗೆ ಹೇಳಲಿಲ್ಲ.

ಸ್ವಂತ ಹೊಲದ ಹೊಸ ಗಂಜೆ ಬೇಯಿಸಿ ದೇವರಿಗಿಡದೆ ನಮ್ಮ ಮನೆಯಲ್ಲಿ ಸುಗ್ಗಿಯ ಹಬ್ಬವಿಲ್ಲ. ಏನು ಮಾಡುವುದು? ಅಪ್ಪ ನನ್ನನ್ನು ಕರೆದುಕೊಂಡು ಕೂನೂರಿನ ನಾಟಿ ಔಷಧಿ ಅಂಗಡಿಗೆ ಹೋಗಿ, ಯಾವ ಕಾಲದ್ದೋ ಉಮಿಗಂಜೆ ತಂದ. ಮುಗ್ಗಲು ಹೊಡೆಯುತ್ತಿತ್ತು. ವಾಸನೆ ಹೋಗಲೆಂದು ಅಮ್ಮ ಅಷ್ಟನ್ನೂ ಬಾಣಲೆಯಲ್ಲಿ ಹುರಿದಳು. "ನಿನ್ನ ಹೊಲದ್ದೇ, ಅವ್ವೆ," ಎಂದ ಅಪ್ಪ, ನನ್ನ ಕಡೆ ಕಣ್ಣು ಮಿಟುಕಿಸಿ. ನಾನು ಕಿಸಕ್ಕನೆ ನಕ್ಕೆ. ಆ ನಗು ನೆನೆದರೆ ಈಗ ನನಗೇ ಹೇಸಿಗೆಯಾಗುತ್ತದೆ. ಹೆತ್ತೆ ಉಂಡಳು, ಹರಸಿದಳು. ಬೇಯಿಸದೆ ಉಳಿದಿದ್ದ ಗಂಜೆಯಲ್ಲಿ ಒಂದು ಹಿಡಿಯನ್ನು ಬೀಜಕ್ಕೆಂದು ಬಟ್ಟೆಯಲ್ಲಿ ಕಟ್ಟಿಟ್ಟಳು.

ಬಿತ್ತನೆಯ ಕಾಲಕ್ಕೂ ಅವಳಿಗೆ ಹೊಲಕ್ಕೆ ಇಳಿಯಲಾಗಲಿಲ್ಲ. ನನ್ನಿಂದ ಹಳೆಯ ತಗಡಿನ ಡಬ್ಬಕ್ಕೆ ಮಣ್ಣು ತುಂಬಿಸಿ, ಹಾಸಿಗೆಯ ಪಕ್ಕದಲ್ಲೇ ಬಿತ್ತಿದಳು. ದಿನಾ ಬೆಳಗ್ಗೆ, "ಕೂಸೇ, ಮೊಳಕೆ ಬಂತಾ?" ಹುರಿದ ಕಾಳು ಮೊಳೆಯುತ್ತದೆಯೇ? "ನಾಳೆ ಬರುತ್ತೆ ಹೆತ್ತೆ," ಅನ್ನುತ್ತಿದ್ದೆ. ಒಂದು ದಿನ ಅವಳೇ ಮಣ್ಣಲ್ಲಿ ಬೆರಳಾಡಿಸಿ ನೋಡಿದಳು. "ಎನ್ನ ಕೈಯೇ ಕೆಟ್ಟೋತು," ಅಂದಳು.

ಆ ಕಂಪನಿಗೆ ಈಗ ಸಮುದ್ರದಾಚೆಯ ಇನ್ನೊಂದು ಊರು ಹಿಡಿಸಿದೆ. ಗಂಟುಮೂಟೆ ಕಟ್ಟಿ ಹೋಯಿತು. ಕೂನೂರಿಗೆ ಬೇರೆ ಕಸುಬು ಗೊತ್ತಿಲ್ಲ. ಅವರ ಮುಖಕ್ಕೆ ಉಗಿಯಬೇಕು ಅನ್ನಿಸುತ್ತದೆ. ಆದರೆ ಹೆತ್ತೆಗೆ ಸುಳ್ಳು ಹೇಳಿದವರು ಅವರಲ್ಲ, ನಾವು. ಡಬ್ಬದ ಮಣ್ಣು ಚೆಲ್ಲಿದ ವಾರ ಪಕ್ಕದ ಮನೆಯಾಕೆ ಹಿತ್ತಲಿಗೆ ಹಾಕುವ ಬೆಳ್ಳುಳ್ಳಿ ಬೀಜ ತಂದು, "ಮೊದಲು ನೀ ಮುಟ್ಟು ಹೆತ್ತೆ," ಎಂದು ಮುಂದೆ ಹಿಡಿದಳು. ಹೆತ್ತೆ ಎರಡೂ ಕೈಗಳನ್ನು ಕಂಬಳಿಯೊಳಗೆ ಎಳೆದುಕೊಂಡಳು. "ಬೇಡ, ನಿನ್ನದೂ ಹಾಳಾದೀತು." ಅಪ್ಪ ಅಲ್ಲೇ ಬಾಗಿಲಲ್ಲಿ ನಿಂತಿದ್ದ. ನಾನು ಅವಳ ಕಾಲ ಬಳಿ ಕೂತಿದ್ದೆ. ಅದು ಹುರಿದ ಕಾಳೆಂದು ಇಬ್ಬರೂ ಹೇಳಲಿಲ್ಲ. ಸಾಯುವವರೆಗೆ ಅವಳು ಬೀಜ ಮುಟ್ಟಲಿಲ್ಲ.