ಬುತ್ತಿ ಕಾಯ್ದವಳು ಹತ್ತಿದ ಗುಡ್ಡ

ಗುಡ್ಡ ಹತ್ತಿ ಬಂದವರು ಮೇಲೆ ಕಂಡದ್ದನ್ನು ಎಷ್ಟು ಸಲ ಹೇಳಿದರೂ ದಣಿಯುವುದಿಲ್ಲ. ಕೆಳಗೆ ಬುತ್ತಿ ಕಾಯುತ್ತ ಕೂತವರನ್ನು ಮಾತ್ರ ಯಾರೂ ಏನೂ ಕೇಳುವುದಿಲ್ಲ. ಈ ವಿಷಯಕ್ಕೆ ನನಗೆ ಈಗಲೂ ಸಿಟ್ಟು ಬರುತ್ತದೆ.

ಎಪ್ಪತ್ತರ ದಶಕದ ಕೊನೆಯ ಒಂದು ಬೇಸಿಗೆ ರಜೆ. ಯುಗಾದಿ ಮುಗಿದಿತ್ತು, ಗುಳೇದಗುಡ್ಡದ ನಮ್ಮ ಓಣಿಯ ಬೇವಿನ ಮರ ಇನ್ನೂ ಹೂ ಉದುರಿಸುತ್ತಿತ್ತು. ಇಳಕಲ್ಲಿನಿಂದ ಬಂದ ಸೋದರಮಾವ ನಮ್ಮೆಲ್ಲರನ್ನೂ ಬಾದಾಮಿಗೆ ಹೊರಡಿಸಿದ. ಮಗ್ಗ ಬಿಟ್ಟು ಕದಲದ ಅಪ್ಪನೂ ಹೊರಟದ್ದು ಓಣಿಗೇ ಸುದ್ದಿಯಾಯಿತು. ಬಾದಾಮಿಯ ಮಂಗಗಳು ಗೊತ್ತಲ್ಲ, ಕೈಯೊಳಗಿನ ರೊಟ್ಟಿಯನ್ನೂ ಬಿಡುವುದಿಲ್ಲ. ಅದಕ್ಕೇ ಬುತ್ತಿಯ ಗಂಟನ್ನು ಅವ್ವನ ಮುಂದಿಟ್ಟು ನಾವು ಗುಡ್ಡ ಹತ್ತಿದೆವು. ಮೇಲಿನ ಶಿವಾಲಯದ ಹತ್ತಿರ ನಿಂತು ಕೆಳಗೆ ನೋಡಿದಾಗ ಅವ್ವ ಹೊಂಡದ ದಂಡೆಯಲ್ಲಿ ಕೋಲು ಹಿಡಿದು ಕೂತಿದ್ದಳು.

ತಿರುಗಿ ಬರುವಾಗ ಬಸ್ಸಿನ ತುಂಬ ನಮ್ಮದೇ ಬಡಾಯಿ. ಅವ್ವ ಹೂಂಗುಟ್ಟುತ್ತಿದ್ದಳು. ಊರು ಹತ್ತಿರ ಬಂದಾಗ ಕಿಟಕಿಯಿಂದ ನಮ್ಮೂರ ಗುಡ್ಡ ತೋರಿಸಿ, "ಇದನ್ನರ ನಾ ಒಮ್ಮೆ ಹತ್ತಬೇಕು," ಎಂದಳು. ಅಪ್ಪ ನಕ್ಕುಬಿಟ್ಟ. ಊರಿನ ಹೆಸರಲ್ಲೇ ಗುಡ್ಡವಿದ್ದರೂ ಅದನ್ನು ಹತ್ತುವ ಉಸಾಬರಿಗೆ ನಮ್ಮ ಮನೆಯವರು ಯಾರೂ ಹೋಗಿರಲಿಲ್ಲ. ಆದರೆ ಮದುವೆಯಾಗಿ ಬಂದಾಗಿನಿಂದ ಹಿತ್ತಲ ಬಾಗಿಲಿಗೆ ನಿಂತರೆ ಅವ್ವನ ಕಣ್ಣಿಗೆ ಬೀಳುತ್ತಿದ್ದದ್ದು ಅದೊಂದೇ. "ಹೋಗೂಣು ತಗೋ," ಎಂದ ಅಪ್ಪ. ಬಾಯಿಮಾತಿಗೆ ಹೇಳಿದ್ದನ್ನು ಅವ್ವ ಗಟ್ಟಿಯಾಗಿ ಹಿಡಿದುಕೊಂಡಳು, ಮುಂದಿನ ವಾರಕ್ಕೆ ದಿನವನ್ನೂ ಗೊತ್ತುಮಾಡಿದಳು.

ಆ ದಿನ ಬೆಳಗ್ಗೆ ಆಕಾಶ ತೊಳೆದಿಟ್ಟಂತಿತ್ತು. ಅಂಥ ಬಿಸಿಲನ್ನು ದಂಡ ಮಾಡುವ ಜೀವ ಅಪ್ಪನದಲ್ಲ. ಕುಪ್ಪಸದ ಖಣ ನೇಯುವ ಉದ್ದದ ಎಳೆಗಳಿಗೆ ಗಂಜಿ ಹಚ್ಚಿ, ಓಣಿಯುದ್ದಕ್ಕೂ ಒಣಗಲು ಚಾಚಿಬಿಟ್ಟ. ಇದಕ್ಕೆ ನಾವು ಹಾಸು ಎನ್ನುತ್ತೇವೆ. ಗಂಜಿ ಆರುವ ಮೊದಲೇ ಮಳೆ ಹೊಡೆದರೆ ಎಳೆಗೆ ಎಳೆ ಅಂಟಿ ಮಾಡಿದ್ದೆಲ್ಲ ಹಾಳು. ಅದಕ್ಕೆಂದೇ ನಮ್ಮ ಓಣಿಯಲ್ಲಿ, ಮಳೆಗಾಳಿ ಎದ್ದರೆ ಹಾಸು ಯಾರದೆಂದು ಕೇಳದೆ ಎಲ್ಲ ಮನೆಯವರೂ ಓಡಿಬಂದು ಸುತ್ತಿಡುವ ಪದ್ಧತಿಯಿತ್ತು. ನೂಲಿಗೆ ಬಣ್ಣ ಹಾಕುವ ಎದುರುಮನೆಯ ಚಾಚಾ ತಾವೇ ನೋಡಿಕೊಳ್ಳುವುದಾಗಿ ಹೇಳಿ ನಮ್ಮನ್ನು ಕಳಿಸಿದರು.

ಅವ್ವ, ಅಪ್ಪ, ನಾನು, ಮೂವರೇ ಹೊರಟೆವು. ಈ ಸಲ ಬುತ್ತಿ ಅಪ್ಪನ ಹೆಗಲಿಗೆ ಬಂತು. ಅದನ್ನು ಅವನ ಕೈಗೆ ಕೊಡುವಾಗ ಅವ್ವನ ಮುಖ ನೋಡಬೇಕಿತ್ತು.

ಅರ್ಧ ಹತ್ತುವಷ್ಟರಲ್ಲಿ ಗಾಳಿ ನಿಂತು ಮೈ ಬೆವರತೊಡಗಿತು. ಬಾದಾಮಿ ಕಡೆಯಿಂದ ಮೋಡ ಕಪ್ಪಗೆ ಏರಿ ಬರುತ್ತಿತ್ತು. ಚೈತ್ರದ ಅಡ್ಡಮಳೆ ಹೇಳಿ ಕೇಳಿ ಬರುವುದಿಲ್ಲ. ಒಂದು ಓಣಿ ತೋಯಿಸಿ ಇನ್ನೊಂದನ್ನು ಒಣ ಬಿಟ್ಟು ಹೋಗುವ ಹುಚ್ಚು ಮಳೆ ಅದು. ಅಪ್ಪ ಕೆಳಗೆ ನೋಡಿದ. ನಮ್ಮ ಹಾಸು ಓಣಿಯಲ್ಲಿ ಕೆಂಪು ಗೆರೆಯಾಗಿ ಕಾಣುತ್ತಿತ್ತು.

"ನಡೀರಿ ಕೆಳಗ. ಮತ್ತೊಮ್ಮೆ ಬಂದರಾತು," ಎಂದ.

ಅವ್ವನೂ ನೇಕಾರರ ಮನೆಯಲ್ಲೇ ಹುಟ್ಟಿದವಳು, ಹಾಸಿನ ಬೆಲೆ ಅವಳಿಗೆ ಯಾರೂ ಹೇಳಿಕೊಡಬೇಕಿರಲಿಲ್ಲ. ಕೆಳಗೊಮ್ಮೆ ಮೇಲೊಮ್ಮೆ ನೋಡಿದಳು.

"ಅಲ್ಲಿ ಓಣಿ ತುಂಬ ಮಂದಿ ಅದಾರ. ನೀವು ಹೋಗೂದಿದ್ರ ಹೋಗ್ರಿ. ನಾ ಹತ್ತತೇನಿ."

ಅವ್ವ ಅಪ್ಪನಿಗೆ ಎದುರು ಮಾತಾಡಿದ್ದನ್ನು ನಾನು ಕೇಳಿದ್ದು ಅದೇ ಮೊದಲು. ಹೆದರಿಕೆಯ ಜೊತೆಗೆ ಖುಷಿಯೂ ಆಯಿತು. ಅಪ್ಪ ಬುತ್ತಿಯನ್ನು ಬಂಡೆಯ ಮೇಲಿಟ್ಟು, ಧೋತರ ಎತ್ತಿ ಕಟ್ಟಿ, ಒಂದೇ ಓಟ ಕಿತ್ತ. ಗಂಟನ್ನು ನಾನು ಎತ್ತಿಕೊಂಡೆ.

ತುದಿಯಲ್ಲಿ ಬಿದ್ದುಹೋದ ಕೋಟೆಗೋಡೆ, ಮುಳ್ಳುಕಂಟಿ, ಅಷ್ಟೇ. ಅವ್ವ ಗೋಡೆಗೆ ಕೈ ಊರಿ ನಿಂತು ನಮ್ಮ ಮನೆಯ ಮಾಳಿಗೆ, ಬಾವಿ, ಬಸ್ಸು ನಿಲ್ಲುವ ಜಾಗ ಎಲ್ಲವನ್ನೂ ತೋರಿಸಿದಳು. ಆಮೇಲೆ ಬಂಡೆಗಳ ನಡುವೆ ಇಳಿದು ಹೋಗುತ್ತಿದ್ದ ಬಿಳಿ ಧೋತರವನ್ನೇ ನೋಡುತ್ತ ನಿಂತಳು. ಅಷ್ಟರಲ್ಲಿ ಆಣಿಕಲ್ಲು ಬಿದ್ದವು. ಗೋಡೆಯ ಮರೆಗೆ ಓಡಿ ಅವಳ ಸೆರಗಿನಡಿ ಸೇರಿಕೊಂಡೆವು. ಅವ್ವ ಒಂದು ಆಣಿಕಲ್ಲು ಆರಿಸಿ ನನ್ನ ಬಾಯಿಗಿಟ್ಟಳು, ಇನ್ನೊಂದನ್ನು ತಾನು ಬಾಯಿಗೆ ಹಾಕಿಕೊಂಡು ಸಣ್ಣ ಹುಡುಗಿಯ ಹಾಗೆ ನಕ್ಕಳು. ಅವಳು ಅಷ್ಟು ನಕ್ಕದ್ದನ್ನು ನಾನು ಮನೆಯಲ್ಲಿ ನೋಡಿರಲಿಲ್ಲ.

ತೊಯ್ದು ತೊಪ್ಪೆಯಾಗಿ ಇಳಿದು ಬಂದರೆ ಊರಲ್ಲಿ ಒಂದು ಹನಿಯೂ ಬಿದ್ದಿರಲಿಲ್ಲ. ಅಪ್ಪ ಓಣಿ ಮುಟ್ಟುವ ಮೊದಲೇ ಚಾಚಾ ಮತ್ತು ನೆರೆಯವರು ಹಾಸು ಸುತ್ತಿ ನಮ್ಮ ಪಡಸಾಲೆಯಲ್ಲಿ ಇಟ್ಟಿದ್ದರಂತೆ. ಅಪ್ಪ ಮೊಣಕಾಲಿಗೆ ಎಣ್ಣೆ ತಿಕ್ಕುತ್ತ ಕೂತಿದ್ದ.

ಮರುದಿನ ಅಪ್ಪ ನೇಯುತ್ತಿದ್ದ, ಅವ್ವ ಪಕ್ಕದಲ್ಲಿ ಲಾಳಿಯೊಳಗೆ ಕೂಡಿಸುವ ಕಂಡಿಕೆಗೆ ನೂಲು ಸುತ್ತುತ್ತಿದ್ದಳು. ಅಪ್ಪ ತಲೆ ಎತ್ತದೆ, ಮೇಲಿಂದ ತಾನು ಎಷ್ಟು ದೊಡ್ಡವನಾಗಿ ಕಾಣುತ್ತಿದ್ದೆ ಎಂದು ಕೇಳಿದ. ಅವನ ದನಿಯಲ್ಲಿ ತಮಾಷೆಯಿತ್ತು. ಅವ್ವನ ದನಿಯಲ್ಲಿ ಇರಲಿಲ್ಲ, ಸಿಟ್ಟೂ ಇರಲಿಲ್ಲ.

"ಈ ಲಾಳಿಯಷ್ಟ. ಕೆಳಗ ಮುಟ್ಟೂತನಕ ನೋಡಿದೆ. ಒಮ್ಮೆನೂ ಹೊರಳಿ ನೋಡಲಿಲ್ಲ ನೀವು."

ಮಗ್ಗ ನಿಂತಿತು. ಎಳೆ ಹರಿಯದೆ ಅದು ಹಾಗೆ ನಡುವೆ ಇನ್ನೊಮ್ಮೆ ನಿಂತದ್ದು ನನಗೆ ನೆನಪಿಲ್ಲ.

ಮುಂದಿನ ವರ್ಷದ ರಜೆಯಲ್ಲಿ, ಯಾರೂ ಕೇಳದೆಯೇ, ಗುಡ್ಡಕ್ಕೆ ಹೋಗೋಣ ಎಂದವನು ಅಪ್ಪ. ಆ ದಿನ ಅವನು ಓಣಿಯಲ್ಲಿ ಹಾಸು ಚಾಚಿರಲಿಲ್ಲ. ಆಕಾಶಕ್ಕೆ ಆಗಲೇ ಅರೆಬರೆ ಮೋಡ ಮುಸುಕಿತ್ತು. ಬುತ್ತಿ ಹೊತ್ತು ಮುಂದೆ ನಡೆದ ಅಪ್ಪ ನಾಲ್ಕು ಹೆಜ್ಜೆಗೊಮ್ಮೆ ತಿರುಗಿ ನಮ್ಮನ್ನು ನೋಡುತ್ತಿದ್ದ. ಒಂದು ಕಡೆ ಕಲ್ಲು ಎಡವಿ ಮುಗ್ಗರಿಸಿದ.

"ಸಾಕ್ರಿ ನೋಡಿದ್ದು," ಎಂದಳು ಅವ್ವ. "ಮುಂದ ನೋಡಿ ನಡೀರಿ, ಬಿದ್ದೀರಿ."