ಒಗಿ ಅಂದರು ಕಾಕಾ

ಗುರುನಾಥ ಕಾಕಾ ಅವರ ಬಲಗೈ ತೋರುಬೆರಳು ಎಂದೋ ಮುರಿದು ಸೊಟ್ಟಗೆ ಕೂಡಿತ್ತು. ಒಬ್ಬನನ್ನು ಬೈಯಲು ಬೆರಳೆತ್ತಿದರೆ ಅದು ಪಕ್ಕದವನನ್ನು ತೋರಿಸುತ್ತಿತ್ತು. ಹಾಗಾಗಿ ಲಂಡನ್ನಿನ ಪಿನ್ನರ್‌ನ ಪಾರ್ಕಿನಲ್ಲಿ ಪ್ರತಿ ಶನಿವಾರ ನಾವೆಲ್ಲ ಒಟ್ಟಿಗೇ ತಲೆ ತಗ್ಗಿಸುತ್ತಿದ್ದೆವು.

ಧಾರವಾಡದ ಡಾಕ್ಟರ್ ದಂಪತಿಯ ಮಗ. ಹುಟ್ಟಿ ಬೆಳೆದದ್ದು ಅಮೆರಿಕದಲ್ಲಿ, ಮನೆಮಾತು ಮಾತ್ರ ಅಪ್ಪಟ ಧಾರವಾಡದ್ದು. ಅಲ್ಲಿನ ಸಣ್ಣ ಊರುಗಳ ತಂಡಗಳಲ್ಲಿ ಸಂಬಳಕ್ಕೆ ಬೇಸ್‌ಬಾಲ್ ಆಡಿದವರು. ಎರಡನೇ, ಮೂರನೇ ಬೇಸ್‌ಗಳ ನಡುವೆ ನಿಂತು, ನೆಲಕ್ಕೆ ಬಡಿದು ಬರುವ ಚೆಂಡು ಹಿಡಿದು ಒಂದೇ ಉಸಿರಿಗೆ ಎಸೆಯುವುದು ಅವರ ಕೆಲಸ. ದೊಡ್ಡ ಲೀಗ್ ಕರೆಯಲೇ ಇಲ್ಲ; ಮೊಣಕಾಲು ಕೈಕೊಟ್ಟಿತು. ಹೆಂಡತಿಗೆ ಇಲ್ಲಿನ ಆಸ್ಪತ್ರೆಯಲ್ಲಿ ಕೆಲಸ ಸಿಕ್ಕಾಗ ಲಂಡನ್ನಿಗೆ ಬಂದು, ಕ್ರಿಕೆಟ್ ಬಿಟ್ಟು ಬೇರೇನೂ ಅರಿಯದ ನಮ್ಮ ಕನ್ನಡಿಗರ ತಂಡಕ್ಕೆ ಕೋಚ್ ಆದರು. ಅವರ ಮೊದಲ ಕೋಚ್ ಸೀಸನ್ ಪೂರ್ತಿ ಅವರನ್ನು ಆಡಿಸದೆ ಬ್ಯಾಟಿನ ಚೀಲ ಹೊರಿಸಿದ್ದನಂತೆ. ಅದನ್ನೂ ಹೆಮ್ಮೆಯಿಂದಲೇ ಹೇಳುತ್ತಿದ್ದರು: “ಮನಷಾ ಅನ್ನಾಂವ ಹಂಗ ತಯಾರಾಗ್ತಾನ.”

ಪ್ರಸನ್ನ ಮೈಸೂರಿನವನು, ಕ್ಯಾನರಿ ವಾರ್ಫ್‌ನಲ್ಲಿ ನನ್ನ ಜೊತೆ ಕೆಲಸಕ್ಕಿದ್ದ. ತಂಡದಲ್ಲಿ ಜಾಗ ಸಿಕ್ಕಾಗ ವೀಸಾ ಸಿಕ್ಕಾಗಿನದಕ್ಕಿಂತ ಹೆಚ್ಚು ಕುಣಿದಿದ್ದ. ಮೊದಲ ಪಂದ್ಯದಲ್ಲೇ ಚೆಂಡು ಅವನ ಕೈಗೆ ಬಂತು. ಕಾಕಾ “ಒಗಿಯೋ, ಒಗಿ” ಎಂದು ಕೂಗಿದರು. ಧಾರವಾಡದಲ್ಲಿ ಒಗೆಯುವುದೆಂದರೆ ಎಸೆಯುವುದು. ಮೈಸೂರಿನವನು ಒಗೆಯುವುದು ಬಟ್ಟೆಯನ್ನು ಮಾತ್ರ. ಪ್ರಸನ್ನ ಚೆಂಡಿಗೆ ಹತ್ತಿದ್ದ ಕೆಸರು ನೋಡಿದ, ಪ್ಯಾಂಟಿಗೆ ಉಜ್ಜತೊಡಗಿದ. ಅಷ್ಟರಲ್ಲಿ ಎದುರಾಳಿ ಓಡಿ ಕೊನೆಯ ಬೇಸ್ ಮುಟ್ಟಿ ರನ್ ಗಳಿಸಿಯಾಗಿತ್ತು. ನಾವು ಸೋತೆವು.

ಪ್ರಸನ್ನನ ಹೆಂಡತಿ, ಮಗಳ ಎದುರೇ ಕಾಕಾ ಎಲ್ಲರ ಕೊಳೆ ಜರ್ಸಿಗಳನ್ನು ಚೀಲಕ್ಕೆ ತುಂಬಿ ಅವನ ಕೈಗಿತ್ತರು. “ನಿನಗ ತಿಳಿಯೂ ಒಗಿಯಾಣ ಇದ. ಇದನ್ನರ ಛಂದಾಗಿ ಮಾಡು.” ನಾವು ಬಿದ್ದು ಬಿದ್ದು ನಕ್ಕೆವು. ಬೇಸಿಗೆಯಿಡೀ ಅವನು ವಾರವಾರವೂ ಒಗೆದು, ಇಸ್ತ್ರಿ ಮಾಡಿ ತಂದ, ಇಂದಲ್ಲ ನಾಳೆ ಆಡಿಸುತ್ತಾರೆಂದು. ಕಾಕಾ ಆಡಿಸಲಿಲ್ಲ.

ಕೊನೆಯ ಪಂದ್ಯದ ಹಿಂದಿನ ದಿನ ಅವನು ಚೀಲ ಹೆಗಲಿಗೇರಿಸಿಕೊಂಡೇ ಕೇಳಿದ, “ಕಾಕಾ, ನಾಳೆನಾದ್ರೂ ಆಡ್ಲಾ?”

ಕಾಕಾ ಒಂದು ಜರ್ಸಿ ಎಳೆದು ಮೂಸಿದರು. “ಒಗಿಯೂದು ಛಲೋ ಕಲ್ತಿ. ಮುಂದಿನ ವರ್ಷನೂ ಇದ ಕೆಲಸ ನಿಂದ.”

ಪ್ರಸನ್ನ ಚೀಲವನ್ನು ಬೀಸಿ ಎಸೆದ. ಬಿಳಿ ಜರ್ಸಿಗಳು ಕೆಸರಿನ ತುಂಬ ಹರಡಿದವು. “ಒಗ್ದಿದೀನಿ, ಕಾಕಾ” ಎಂದು ಸ್ಟೇಷನ್ ಕಡೆ ನಡೆದ.

ಕಾಕಾ ಮಡಚಲಾಗದ ಮೊಣಕಾಲನ್ನು ಪಕ್ಕಕ್ಕೆ ಚಾಚಿ ನೆಲಕ್ಕೆ ಕೂತು ಒಂದೊಂದೇ ಹೆಕ್ಕತೊಡಗಿದರು. ಆಟ ಕಲಿಸಿದ ಆ ಮನುಷ್ಯನ ಮೇಲೆ ನನಗೆ ಈಗಲೂ ಪ್ರೀತಿಯಿದೆ. ಆದರೆ ನಾವೆಲ್ಲ ಪ್ರಸನ್ನನ ಹಿಂದೆಯೇ ಹೊರಟೆವು. ಮರುದಿನ ಪಂದ್ಯಕ್ಕೂ ಹೋಗಲಿಲ್ಲ. ಅವರನ್ನು ಮತ್ತೆ ನೋಡಲಿಲ್ಲ. “ಯಾರರ ಒಬ್ಬರು ಬರ್ರೋ, ಏಳಾಕ ಆಗವಲ್ದು” ಎಂದು ಅಂದು ನಮ್ಮ ಬೆನ್ನ ಹಿಂದೆ ಕಾಕಾ ಕೂಗುತ್ತಿದ್ದರು. ಆ ಹೊತ್ತು ಧಾರವಾಡದ ಕನ್ನಡ ನಮಗೆ ಯಾರಿಗೂ ತಿಳಿಯಲಿಲ್ಲ.