ಮೊದಲು ಭೂಮಿಗೆ ಬಂದ ಕಾಲು

ಚಪ್ಪಲಿ ಕಳಚಿಬಿದ್ದದ್ದು ನನಗೆ ಗೊತ್ತೇ ಆಗಲಿಲ್ಲ.

ಕೆ.ಆರ್.ಎಸ್. ಬಸ್ ಸ್ಟ್ಯಾಂಡಿನ ಹತ್ತಿರ ಇಡ್ಲಿ ತಿಂದು ಬಾಡಿಗೆ ರೂಮಿನ ಕಡೆ ನಡೆಯುತ್ತಿದ್ದೆ. ಹಿಂದಿನಿಂದ ಹೋಟೆಲಿನವನು ಕೂಗಿದ. “ಅಣ್ಣೋ, ಒಂದ್ ಚಪ್ಲಿ ಇಲ್ಲೇ ಬುಟ್ಬುಟ್ಟು ಓಯ್ತಾ ಇದ್ದೀಯಲ್ಲ!” ಬಗ್ಗಿ ನೋಡಿದೆ. ಎಡಗಾಲಲ್ಲಿ ಚಪ್ಪಲಿ ಇತ್ತು. ಬಲಗಾಲು ಬರಿದು. ಬಿಸಿಲಿಗೆ ಟಾರು ರಸ್ತೆ ಚೆನ್ನಾಗಿ ಕಾದಿತ್ತು, ಕಾಲಿಗೆ ಆ ಬಿಸಿಯೂ ತಿಳಿದಿರಲಿಲ್ಲ. ಹೋಟೆಲಿನವನು ನಕ್ಕ. ನಾನೂ ನಕ್ಕು ಚಪ್ಪಲಿ ಮೆಟ್ಟಿಕೊಂಡೆ. ರೂಮಿಗೆ ಬಂದು ಬಾಗಿಲು ಹಾಕಿಕೊಂಡ ಮೇಲೆ ಮಂಚದ ಮೇಲೆ ಕೂತು ಆ ಕಾಲನ್ನು ಎಷ್ಟೋ ಹೊತ್ತು ನೋಡಿದೆ.

ನನ್ನ ಬದುಕೆಲ್ಲ ಆ ಕಾಲಿನ ಮೇಲೆ ನಿಂತಿತ್ತು. ನಾನು ಭಾರತದ ರಗ್ಬಿ ತಂಡದಲ್ಲಿ ಹುಕ್ಕರ್. ಹಾಗೆಂದರೇನು ಎಂದು ನಮ್ಮ ಕಡೆ ಕೇಳದವರಿಲ್ಲ, ಹೇಳಿದ ಮೇಲೆ ಅರ್ಥವಾದವರೂ ಇಲ್ಲ. “ಕಬಡ್ಡಿ ತರಾನೇನ್ಲಾ?” ಎನ್ನುತ್ತಾರೆ. ಹೂಂ ಎಂದುಬಿಡುತ್ತೇನೆ. ಆದರೂ ಇಲ್ಲಿ ಹೇಳಲೇಬೇಕು. ಸ್ಕ್ರಮ್ ಎಂದರೆ ಈ ಕಡೆ ಎಂಟು ಜನ, ಆ ಕಡೆ ಎಂಟು ಜನ, ಬಗ್ಗಿ ಹೆಗಲಿಗೆ ಹೆಗಲು ಕೊಟ್ಟು ದಬ್ಬುವುದು. ಮುಂದಿನ ಸಾಲಿನ ಮೂವರಲ್ಲಿ ಮಧ್ಯದವನು ಹುಕ್ಕರ್. ಅವನ ಎರಡೂ ಕೈ ಅಕ್ಕಪಕ್ಕದ ಪ್ರಾಪ್‌ಗಳ ಹೆಗಲ ಮೇಲಿರುತ್ತವೆ, ತಲೆ ಎದುರಾಳಿಗಳ ಭುಜಗಳ ನಡುವೆ ಸಿಕ್ಕಿರುತ್ತದೆ. ಚೆಂಡು ಒಳಗೆ ಉರುಳಿದ ಕ್ಷಣ ಬಲಗಾಲಿನಿಂದ ಅದನ್ನು ಹಿಂದಕ್ಕೆ ಎಳೆದುಕೊಳ್ಳಬೇಕು. ಆ ಗಜಿಬಿಜಿಯಲ್ಲಿ ಕಣ್ಣು ಕೆಲಸಕ್ಕೆ ಬರುವುದಿಲ್ಲ. ಕಾಲಿಗೇ ಗೊತ್ತಾಗಬೇಕು.

ನನ್ನ ಕಾಲಿಗೆ ಗೊತ್ತಾಗುತ್ತಿತ್ತು. ಹನ್ನೊಂದು ವರ್ಷ ಗೊತ್ತಾಗುತ್ತಿತ್ತು.

ಅದಕ್ಕೂ ಮೊದಲೇ ಆ ಕಾಲಿಗೆ ಊರಲ್ಲಿ ಹೆಸರಿತ್ತು. ನಮ್ಮದು ನಾಗಮಂಗಲ ತಾಲ್ಲೂಕಿನ ದೇವಲಾಪುರದ ಕಡೆ, ಬಡಗಿಗಳ ಮನೆ. ಅಪ್ಪ ತೀರಿಕೊಂಡ ಮೇಲೆ ಅಣ್ಣ ಬಾಗಿಲು ಕಿಟಕಿ ಕೆಲಸ ನಡೆಸುತ್ತಿದ್ದಾನೆ. ನಾನು ಕಾಲು ಮುಂದಾಗಿ ಹುಟ್ಟಿದವನು. ಬಲಗಾಲು ಮೊದಲು ಬಂತಂತೆ. ಅಂಥವರು ಮೂರು ಸಲ ಮೆಲ್ಲಗೆ ಒದ್ದರೆ ಹಿಡಿದುಕೊಂಡ ಸೊಂಟ ಬಿಡುತ್ತದೆ ಎಂದು ನಮ್ಮ ಕಡೆ ನಂಬುತ್ತಾರೆ. ನನಗೆ ಐದು ವರ್ಷ ಆದಾಗಿನಿಂದ ಜನ ಬೆಳಗ್ಗೆ ಬೆಳಗ್ಗೆ ಬಂದು, ನಮ್ಮ ಹೊಸಲಿನ ಮುಂದೆ ಬೆನ್ನು ತಿರುಗಿಸಿ ನಿಲ್ಲುತ್ತಿದ್ದರು. ಊರಿನ ದೊಡ್ಡವರಿಗೆಲ್ಲ ಒದ್ದಿದ್ದೇನೆ. ನಮ್ಮ ಲೆಕ್ಕದ ಮೇಷ್ಟ್ರಿಗೂ ಒದ್ದಿದ್ದೇನೆ, ಸ್ವಲ್ಪ ಜೋರಾಗಿಯೇ.

ಅವ್ವ ಇನ್ನೊಂದು ಮಾತು ಸೇರಿಸುತ್ತಿದ್ದಳು. ಇಂಥವನಿಗೆ ಸೊಂಟವಾಗಲಿ ಕತ್ತಾಗಲಿ ಹಿಡಿಯುವುದಿಲ್ಲ ಎಂದು. ಎಂಟು ದೇಶದ ನೆಲ ತುಳಿದು ಬಂದವನು ನಾನು. ಆದರೂ ಆ ಮಾತು ನನ್ನೊಳಗೆ ಎಲ್ಲೋ ಕೂತುಬಿಟ್ಟಿತ್ತು.

ಹಾಗಾಗಿ ಕೊಲಂಬೊದಲ್ಲಿ ಆದದ್ದನ್ನು ಯಾರಿಗೂ ಹೇಳಲಿಲ್ಲ. ಚಪ್ಪಲಿ ಬೀಳುವುದಕ್ಕೆ ಮೂರು ತಿಂಗಳ ಹಿಂದಿನ ಮಾತು. ಒಂದು ಸ್ಕ್ರಮ್ ಕುಸಿಯಿತು. ಕತ್ತು ಎದೆಗೆ ಮಡಚಿಕೊಂಡಿತು. ಹೆಗಲಿನಿಂದ ಹೆಬ್ಬೆರಳಿನ ತನಕ ಬಲಗೈಯೊಳಗೆ ಬೆಂಕಿ ಹರಿಯಿತು. ತಂಡದ ಫಿಸಿಯೊ ಓಡಿ ಬಂದು ಕೇಳಿದರೆ, ಏನಿಲ್ಲ ಎಂದು ಎದ್ದುನಿಂತೆ. ನನ್ನ ಜಾಗಕ್ಕೆ ಇಬ್ಬರು ಹುಡುಗರು ಕಾಯುತ್ತಿದ್ದರು. ಅದು ಅರ್ಧ ಕಾರಣ. ಇನ್ನರ್ಧ ಅವ್ವನ ಮಾತು.

ಆಮೇಲೆ ನನ್ನ ಎಸೆತ ಕೆಟ್ಟಿತು. ಚೆಂಡು ಮೈದಾನದ ಗೆರೆಯಾಚೆ ಹೋದಾಗ ಅದನ್ನು ಆಟಗಾರರ ಎರಡು ಸಾಲಿನ ನಡುವೆ ಎಸೆಯುವ ಕೆಲಸವೂ ಹುಕ್ಕರ್‌ನದೇ. ಅಣ್ಣ ಮರಕ್ಕೆ ಬಣ್ಣದ ನೂಲು ಹೊಡೆದು ಗೆರೆ ಮೂಡಿಸುವ ಹಾಗೆ ರೂಮಿನ ಹಿಂದಿನ ಗೋಡೆಗೆ ಗೆರೆ ಮೂಡಿಸಿಕೊಂಡು, ದಿನಾ ಸಂಜೆ ಅದಕ್ಕೆ ಎಸೆಯುತ್ತಿದ್ದೆ. ಚೆಂಡು ಗೆರೆಯ ಕೆಳಗೇ ಬಡಿಯುತ್ತಿತ್ತು. ಚೆಂಡನ್ನು ಬೈದೆ. ಹೊಸ ಚೆಂಡು ತಂದೆ. ಒಂದು ದಿನ, ಒದ್ದರೆ ಬಿಟ್ಟೀತೇನೋ ಎಂದು ಮಂಚದ ಮೇಲೆ ಅಂಗಾತ ಮಲಗಿ, ಬಲಗಾಲನ್ನು ನನ್ನದೇ ಕತ್ತಿಗೆ ತಾಗಿಸಲು ನೋಡಿದೆ. ಮೂವತ್ತೊಂದು ವರ್ಷದ, ನೂರು ಕೆಜಿಯ ಗಂಡಸು. ಯಾರೂ ನೋಡಲಿಲ್ಲ, ಸದ್ಯ.

ಚಪ್ಪಲಿ ಬಿದ್ದ ಮಾರನೆಯ ದಿನ ಮೈಸೂರಿಗೆ ಹೋಗಿ ಎಂಆರ್‌ಐ ಮಾಡಿಸಿದೆ. ಡಾಕ್ಟರು ಫಿಲ್ಮನ್ನು ಬೆಳಕಿಗೆ ಹಿಡಿದರು.

“ಕತ್ತಿನ ಐದನೇ ಮತ್ತು ಆರನೇ ಮೂಳೆ ಮಧ್ಯದ ಡಿಸ್ಕ್ ಹಿಂದಕ್ಕೆ ಬಂದು ಸ್ಪೈನಲ್ ಕಾರ್ಡ್ ಒತ್ತುತ್ತಾ ಇದೆ. ಆಪರೇಷನ್ ಮಾಡಿದ್ರೆ ಇನ್ನೂ ಕೆಡೋದು ನಿಲ್ಲುತ್ತೆ. ಕಾಲಿನ ಸೆನ್ಸೇಷನ್ ವಾಪಸ್ ಬರುತ್ತೆ ಅಂತ ಮಾತ್ರ ಗ್ಯಾರಂಟಿ ಕೊಡೋಕಾಗಲ್ಲ.”

“ಆಟ, ಸಾರ್?”

“ಇನ್ನೊಂದು ಸಲ ಸ್ಕ್ರಮ್‌ಗೆ ಹೋದ್ರೆ ನೀವು ನಡ್ಕೊಂಡು ಈಚೆ ಬರಲ್ಲ.”

ಅಷ್ಟೇ. ನನ್ನ ಆಟ ಮುಗಿದದ್ದು ಮೈದಾನದಲ್ಲಲ್ಲ, ಒಂದು ಪ್ಲಾಸ್ಟಿಕ್ ಕುರ್ಚಿಯಲ್ಲಿ.

ಆವತ್ತು ಅಣ್ಣನಿಗೆ ಫೋನ್ ಮಾಡಿದೆ. ಕೆಲಸ ಬಿಟ್ಟು, ಅಂಗಿಯ ಮೇಲೆ ಮರದ ಹೊಟ್ಟು ಹಾಗೇ ಇಟ್ಟುಕೊಂಡು ಬಸ್ಸು ಹತ್ತಿ ಬಂದ. ಆಸ್ಪತ್ರೆಯ ಕಾರಿಡಾರಿನಲ್ಲಿ ಅವನು ಕೇಳಿದ್ದು ಒಂದೇ ಮಾತು. “ಮೂರ್ ತಿಂಗ್ಳಿಂದ ಒಬ್ನೇ ಮನ್ಸಲ್ ಮಡಿಕ್ಕೊಂಡಿದ್ದೀಯಲ್ಲೋ. ನಂಗೊಂದ್ ಮಾತ್ ಏಳಕ್ಕೆ ಏನ್ಲಾ ಆಗಿತ್ತು ನಿಂಗೆ?” ನಾನು ಎಡಗೈಯಿಂದ ಅವನ ಅಂಗಿಯ ಮೇಲಿನ ಹೊಟ್ಟು ಕೊಡವತೊಡಗಿದೆ.

ಕತ್ತಿನ ಮುಂಭಾಗ ಕೊಯ್ದು ಡಿಸ್ಕ್ ತೆಗೆದರು. ಆ ಜಾಗಕ್ಕೆ ಲೋಹದ ತುಂಡು, ಮೇಲೊಂದು ಪ್ಲೇಟು, ಸ್ಕ್ರೂ. “ನಮ್ ಕೆಲ್ಸಾನೇ ಬುಡು” ಎಂದ ಅಣ್ಣ, ನನ್ನನ್ನು ನಗಿಸಲು. ನಗುವುದಕ್ಕೂ ಕತ್ತು ಬೇಕು ಎಂದು ಆವತ್ತು ತಿಳಿಯಿತು.

ಪಕ್ಕದ ಬೆಡ್ಡಿನವರು ಪಾಂಡವಪುರದ ಒಬ್ಬ ಹಿರಿಯರು. ಏನಾಯ್ತಪ್ಪ ಎಂದು ಕೇಳಿದರು. ಹುಕ್ಕರ್, ಸ್ಕ್ರಮ್, ಕೊಲಂಬೊ ಎಲ್ಲ ಹೇಳುವಷ್ಟು ಉಸಿರು ನನ್ನಲ್ಲಿರಲಿಲ್ಲ. “ತೆಂಗಿನ ಮರದಿಂದ ಬಿದ್ದೆ” ಅಂದೆ. ವಾರ್ಡಿಗೆ ವಾರ್ಡೇ ಅಯ್ಯೋ ಅಂದಿತು. ಯಾರೋ ಎಳನೀರು ತಂದುಕೊಟ್ಟರು. ಬಿದ್ದವನಿಗೆ ಅದೇ ಮರದ ಕಾಯಿ! ಎಷ್ಟು ಎತ್ತರ, ಯಾರ ತೋಟ ಎಂದು ವಿಚಾರಿಸಿದರು. ನಾನು ಸುಳ್ಳಿನ ಮರವನ್ನು ಬೆಳೆಸುತ್ತಾ ಹೋದೆ. ರಾಷ್ಟ್ರಗೀತೆ ಹಾಡುವಾಗ ಮೈದಾನದಲ್ಲಿ ಎದೆಯುಬ್ಬಿಸಿ ನಿಲ್ಲುತ್ತಿದ್ದವನಿಗೆ ಮರುಕ ಸಿಕ್ಕಿದ್ದು ಹತ್ತದ ಮರದಿಂದ ಬಿದ್ದಿದ್ದಕ್ಕೆ. ಅಷ್ಟು ಜನರ ನಡುವೆ ಮಲಗಿ ಅಷ್ಟು ಒಂಟಿಯಾಗಿ ನಾನು ಎಂದೂ ಇರಲಿಲ್ಲ.

ಎರಡು ವಾರ ಅಣ್ಣ ಕೆ.ಆರ್.ಎಸ್.ನ ರೂಮಿನಲ್ಲೇ ಇದ್ದು ನೋಡಿಕೊಂಡ. ಊರಿಗೆ ಬಾ ಎಂದು ಗೋಗರೆದ. ನಾನು ಒಪ್ಪಲಿಲ್ಲ. ಊರಿನ ಸೊಂಟ ಬಿಡಿಸುವವನು ಕತ್ತಿಗೆ ಕಾಲರ್ ಹಾಕಿಕೊಂಡು ಮಲಗಿದ್ದಾನೆ ಎಂದು ಜನ ನೋಡಲು ಬರುವುದು ನನಗೆ ಬೇಕಿರಲಿಲ್ಲ. ಅಣ್ಣ ಬೇಜಾರು ಮಾಡಿಕೊಂಡೇ ಹೋದ.

ಆಮೇಲೆ ಆ ರೂಮಿನಲ್ಲಿ ನಾನೊಬ್ಬನೇ. ಕಾಲರ್ ಇದ್ದರೆ ಆ ಕಡೆ ಈ ಕಡೆ ತಿರುಗುವಂತಿಲ್ಲ. ಎದುರಿಗಿರುವುದಷ್ಟೇ ಪ್ರಪಂಚ, ಎದುರಿಗಿದ್ದದ್ದು ಗೋಡೆ. ತಂಡದ ವಾಟ್ಸಾಪ್ ಗುಂಪಿನಲ್ಲಿ ಮೊದಲು ಎಲ್ಲರೂ ಬೇಗ ಹುಷಾರಾಗು ಎಂದರು. ಆಮೇಲೆ ಕ್ಯಾಂಪಿನ ಫೋಟೋಗಳು ಬಂದವು. ನನ್ನ ಜಾಗದಲ್ಲಿ ಹೊಸ ಹುಡುಗ. ಎಷ್ಟೋ ವರ್ಷ ನನ್ನ ಎಡಗೈಯ ಕೆಳಗಿದ್ದ ಒಡಿಶಾದ ಪ್ರಾಪ್‌ನ ಹೆಗಲ ಮೇಲೆ ಅವನ ಕೈ. ತಪ್ಪೇನಿಲ್ಲ, ಯಾರದಾದರೂ ಕೈ ಅಲ್ಲಿರಲೇಬೇಕು. ಆದರೂ ಫೋನ್ ಮಗುಚಿಟ್ಟು ಅತ್ತೆ. ಹನ್ನೊಂದು ವರ್ಷ ಇಬ್ಬರ ಹೆಗಲು ತಬ್ಬಿ ಕೆಲಸ ಮಾಡಿದ ಕೈಗಳನ್ನು ಎಲ್ಲಿಡಬೇಕೆಂದೇ ತಿಳಿಯುತ್ತಿರಲಿಲ್ಲ.

ಒಂದು ಬೆಳಗ್ಗೆ ಸ್ನಾನಕ್ಕೆ ಗೀಸರಿನಿಂದ ಬಕೆಟ್ಟಿಗೆ ನೀರು ಬಿಟ್ಟು, ಬಲಗಾಲಿನ ಮೇಲೆ ಸುರಿದುಕೊಂಡೆ. ಆಮೇಲೆ ಕೈಗೆ ತಾಗಿದಾಗ ಕಿರುಚಿದೆ. ಅಷ್ಟು ಸುಡುತ್ತಿತ್ತು. ಕಾಲು ಕೆಂಪಾಗಿ ಬೊಬ್ಬೆ ಎದ್ದಿತ್ತು. ಅದಕ್ಕೆ ಸುದ್ದಿಯೇ ಮುಟ್ಟಿರಲಿಲ್ಲ.

ಆಗ ಗೊತ್ತಾಯಿತು, ನನಗೆ ಬೇಕಿದ್ದದ್ದು ಆಟವಲ್ಲ. ಆ ಕಾಲು ನನಗೆ ವಾಪಸ್ ಬೇಕಿತ್ತು.

ಬೊಬ್ಬೆ ವಾಸಿಯಾಯಿತು. ಕಾಲರ್ ತೆಗೆದರು. ನಡಿಗೆ ಪರವಾಗಿಲ್ಲ ಎನ್ನುವಂತಾಯಿತು, ಆಟಗಾರರ ಕೋಟಾದಲ್ಲಿ ಸಿಕ್ಕಿದ್ದ ಕೆ.ಆರ್.ಎಸ್.ನ ಕಚೇರಿ ಕೆಲಸಕ್ಕೂ ಹೋಗತೊಡಗಿದೆ. ಪಾಂಡವಪುರದಲ್ಲಿ ಫಿಸಿಯೊಥೆರಪಿ. ಅಲ್ಲಿನ ಹುಡುಗಿ ಪ್ರತಿಸಲ ಬಲ ಪಾದಕ್ಕೆ ಬಿಸಿ ನೀರಿನ ಟ್ಯೂಬು, ತಣ್ಣೀರಿನ ಟ್ಯೂಬು ತಾಗಿಸಿ, “ಯಾವುದು ಸಾರ್?” ಎಂದು ಕೇಳುತ್ತಿದ್ದಳು. ನಾನು ಊಹೆ ಹೇಳುತ್ತಿದ್ದೆ. ಅವಳು ಬರೆದುಕೊಳ್ಳುತ್ತಿದ್ದಳು.

ಆಪರೇಷನ್ ಆಗಿ ಐದನೇ ತಿಂಗಳಲ್ಲಿ, ಕಳೆದ ವಾರ, ಊರಿಗೆ ಹೋದೆ. ಮಾರನೆಯ ಬೆಳಗ್ಗೆ ಪಕ್ಕದ ಬೀದಿಯ ಕೆಂಪಮ್ಮಜ್ಜಿ ಬಂದು ಹೊಸಲ ಮುಂದೆ ನಿಂತಿತು. ಬಗ್ಗಿದ ಬೆನ್ನು ಬಗ್ಗಿದಂತೆಯೇ.

“ಕುಮಾರ ಬಂದವ್ನಂತೆ? ನೆನ್ನೆಯಿಂದ ಸೊಂಟ ಇಡ್ಕೊಂಡದೆ ಕಣವ್ವ.”

“ಅವ್ನ ಕತ್ತೇ ಕುಯ್ದವ್ರೆ ಕಣಮ್ಮೋ, ಓಗು ಅತ್ಲಾಗೆ” ಎಂದಳು ಅವ್ವ.

“ಕತ್ತಲ್ಲಿ ಒದೀ ಅಂತ ಯಾರ್ ಅಂದ್ರು? ಕಾಲ್ ಅದಲ್ಲ?”

ಅಣ್ಣ ನಕ್ಕುಬಿಟ್ಟ. ನನಗೆ ಹೆದರಿಕೆಯಾಯಿತು. ಒದ್ದೂ ಕಾಲಿಗೆ ಗೊತ್ತಾಗದಿದ್ದರೆ? ಬೇಡ ಎನ್ನುವಷ್ಟರಲ್ಲಿ ಅಜ್ಜಿ ಬೆನ್ನು ತಿರುಗಿಸಿಯಾಗಿತ್ತು. ಒಂದೇ ಕಾಲಲ್ಲಿ ನಿಲ್ಲುವ ಧೈರ್ಯ ಇನ್ನೂ ಬಂದಿರಲಿಲ್ಲ. ಅಣ್ಣ ಬಂದು ಬಲಗಡೆ ಹೆಗಲು ಕೊಟ್ಟ. ಅವ್ವ ಗೊಣಗುತ್ತಾ ಎಡಗಡೆ ನಿಂತಳು. ಅವ್ವ ಗಿಡ್ಡಿ, ಇಂಥ ಪ್ರಾಪ್ ಕರೆತಂದರೆ ಯಾವ ಕೋಚೂ ಒಪ್ಪುತ್ತಿರಲಿಲ್ಲ. ಇಬ್ಬರ ಹೆಗಲ ಮೇಲೂ ಕೈ ಹಾಕಿದೆ. ಎಷ್ಟು ತಿಂಗಳಾಗಿತ್ತು.

ಮೊದಲನೆಯದು. ಏನೂ ಇಲ್ಲ. ಮರದ ತುಂಡಿಗೆ ಮರದ ತುಂಡು ತಾಗಿದ ಹಾಗೆ.

ಎರಡನೆಯದು. ಪಾದ ಅಜ್ಜಿಯ ಸೊಂಟಕ್ಕೆ ತಾಗಿತು. ಹಾಗೇ ನಿಂತುಬಿಟ್ಟೆ.

“ಅಜ್ಜಿ, ಸೊಂಟಕ್ಕೆ ಏನಾದ್ರೂ ಬಿಸಿಯಾಗಿರೋದು ಕಟ್ಕೊಂಡಿದ್ದೀಯಾ?”

“ಊಂ ಕಣ್ಲಾ, ಉಪ್ಪು ಉರ್ದು ಬಟ್ಟೇಲಿ ಗಂಟು ಮಾಡಿ ಸೀರೆ ಒಳ್ಗೆ ಸಿಗಿಸ್ಕೊಂಡೀನಿ. ಇನ್ನೂ ಆರಿಲ್ವಾ?”

ಆರಿರಲಿಲ್ಲ. ಉಗುರುಬೆಚ್ಚಗೆ, ಎಲ್ಲೋ ದೂರದಿಂದ ಬಂದ ಹಾಗೆ, ಹೆಬ್ಬೆರಳಿನ ಬುಡದಲ್ಲಿ ಅಷ್ಟೇ ಅಷ್ಟು. ಪಾದದ ಉಳಿದ ಭಾಗಕ್ಕೆ ಏನೂ ಗೊತ್ತಾಗುತ್ತಿರಲಿಲ್ಲ, ನಾಳೆ ಗೊತ್ತಾಗುತ್ತದೆಂದು ಹೇಳಿದವರೂ ಇಲ್ಲ. ಅವ್ವ ಮುಖ ಎತ್ತಿ ನನ್ನನ್ನು ನೋಡಿದಳು. ನನ್ನ ಕೈಯ ಕೆಳಗೆ ಹೆಗಲನ್ನು ಇನ್ನಷ್ಟು ಒತ್ತಿ ನಿಂತಳು.

“ಮೂರ್ನೇದು ಒದಿಯೋ ಮಗಾ” ಎಂದಿತು ಅಜ್ಜಿ, ತಿರುಗದೆ. “ಒಲೆ ಮೇಲೆ ಎಸ್ರು ಮಡಗ್ಬುಟ್ಟು ಬಂದೀನಿ.”

ತಕ್ಷಣ ಒದೆಯಲಿಲ್ಲ. ಇನ್ನೂ ಸ್ವಲ್ಪ ಹೊತ್ತು ಕಾಲನ್ನು ಅಲ್ಲೇ ಇಟ್ಟುಕೊಂಡಿದ್ದೆ.